ಪೆನ್ಸಿಲಣ್ಣ ಮತ್ತು ಹಾಡುವ ವಾಲ್ವ್

ಪೆನ್ಸಿಲಣ್ಣನ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಅದರಲ್ಲಿ ಅವರು ಒಂದಕ್ಷರ ಬರೆದದ್ದನ್ನೂ ನಾನು ನೋಡಿಲ್ಲ. ಸೀಸದ ಮೊನೆ ಮುರಿದು ಯಾವ ಕಾಲವಾಗಿತ್ತೋ. ಅವರಿಗೆ ಬೇಕಾಗಿದ್ದದ್ದು ಇನ್ನೊಂದು ತುದಿಯ ರಬ್ಬರ್. ಆ ರಬ್ಬರಿನಿಂದ ಅವರು ಕಣ್ಣಿಗೆ ಬಿದ್ದದ್ದನ್ನೆಲ್ಲ ತಟ್ಟಿ ನೋಡುತ್ತಿದ್ದರು. ಪಾತ್ರೆ ಅಂಗಡಿಗೆ ಹೋದರೆ ಇದ್ದಬದ್ದ ಪಾತ್ರೆಗಳನ್ನೆಲ್ಲ ತಟ್ಟಿ, ಅಂಗಡಿಯವನ ತಾಳ್ಮೆ ಮುಗಿಯುವ ಹೊತ್ತಿಗೆ ಒಂದು ಲೋಟ ಕೊಂಡು ಬರುತ್ತಿದ್ದರು. ನನ್ನ ಹೊಲಿಗೆ ಮಷಿನ್ನಿನ ತಲೆಯನ್ನೂ ಒಮ್ಮೆ ತಟ್ಟಿ, “ಒಳಗೆ ಒಂದು ಸ್ಕ್ರೂ ಸಡಿಲ ಆಗಿದೆ ನೋಡಮ್ಮಾ” ಅಂದರು. “ಮಷಿನ್ನಿಂದೋ, ನಿಮ್ಮದೋ?” ಅಂದೆ ನಾನು. ಬಿಚ್ಚಿ ನೋಡಿದರೆ ಮಷಿನ್ನಿನದೇ ಸಡಿಲವಾಗಿತ್ತು. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಅದು ಮೂಗಿನ ತುದಿಯಲ್ಲೇ ಇರುತ್ತದೆ. ಬೀದಿಯವರು ನನ್ನನ್ನು ಟೈಲರಮ್ಮ ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೋ ಅನ್ನುತ್ತಾರೆ. ಪೆನ್ಸಿಲಣ್ಣನೂ ನಾನೂ ಅಕ್ಕಪಕ್ಕದ ಅಂಗಡಿಯವರು. ಅಕ್ಕಪಕ್ಕ ಅಂದರೆ ಗೋಡೆಯ ಆಚೆ ಈಚೆ ಅಲ್ಲ, ಹಲಗೆಯ ಆಚೆ ಈಚೆ. ಮಾಲೀಕರು ಒಂದೇ ಕೋಣೆಗೆ ನಡುವೆ ಹಲಗೆ ಹೊಡೆಸಿ ಎರಡು ಅಂಗಡಿ ಮಾಡಿದ್ದರು. ಅವರ ಕೆಲಸದ ಮೇಜು ಆ ಹಲಗೆಗೇ ಮೊಳೆ ಹೊಡೆದು ನಿಂತಿತ್ತು. ಹಲಗೆಯ ಈ ಬದಿಗೆ ಒತ್ತಿಕೊಂಡು ನನ್ನ ಮಷಿನ್. ನಮ್ಮ ಜಗಳ ಹುಟ್ಟಿದ್ದೇ ಅಲ್ಲಿಂದ.

ಅವರು ರಿಪೇರಿ ಮಾಡುತ್ತಿದ್ದದ್ದು ಮನೆಗಳಲ್ಲಿ ಹಾಡು ಕೇಳುವ ಹಳೆಯ ಪೆಟ್ಟಿಗೆಗಳನ್ನು. ವಾಲ್ವ್ ರೇಡಿಯೊ, ರೆಕಾರ್ಡ್ ಪ್ಲೇಯರಿಗೆ ಜೋಡಿಸುವ ವಾಲ್ವ್ ಆಂಪ್ಲಿಫೈಯರ್. ವಾಲ್ವ್ ಅಂದರೆ ಹೆಬ್ಬೆರಳಿನಷ್ಟು ಉದ್ದದ ಗಾಜಿನ ಬುರುಡೆ. ಒಳಗೆ ಕೆಂಡದ ಕಿಡಿಯಂತೆ ಒಂದಿಷ್ಟು ಬೆಳಕು. ಹೊಸ ಪೆಟ್ಟಿಗೆಗಳಲ್ಲಿ ಅದು ಇಲ್ಲ. ಆದರೂ ಕೆಲವರಿಗೆ ಆ ಬೆಚ್ಚಗಿನ ದನಿಯೇ ಬೇಕು. ಅಂಥವರು ದೂರದಿಂದ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಣ್ಣನನ್ನು ಹುಡುಕಿ ಬರುತ್ತಿದ್ದರು.

ಹುಡುಕಿ ಬರುತ್ತಿದ್ದದ್ದು ಅವರ ಕೈಯನ್ನಲ್ಲ, ಕಿವಿಯನ್ನು. ಹರೆಯದಲ್ಲಿ ಅವರು ರೇಡಿಯೊ ಕಾರ್ಖಾನೆಯೊಂದರಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರಂತೆ. ಪೆಟ್ಟಿಗೆ ಹೊರಗೆ ಹೋಗುವ ಮುಂಚೆ ಅದರ ಒಂದೊಂದು ವಾಲ್ವನ್ನೂ ರಬ್ಬರ್ ತುದಿಯ ಕೋಲಿನಿಂದ ತಟ್ಟಿ, ಸ್ಪೀಕರಿಗೆ ಕಿವಿಗೊಟ್ಟು, ಇದು ಆದೀತು ಇದು ಬೇಡ ಎಂದು ಹೇಳುವುದೇ ಕೆಲಸ. ಕಾರ್ಖಾನೆ ಮುಚ್ಚಿತು. ಕೋಲು ಹೋಗಿ ಪೆನ್ಸಿಲ್ ಬಂತು. ಕೆಲಸ ಮಾತ್ರ ಅದೇ ಉಳಿಯಿತು.

ತಟ್ಟುವುದು ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಕೇಳಬಾರದಿತ್ತು. ಅರ್ಧ ಹೊಲಿದ ರವಿಕೆ ಮಷಿನ್ನಿನಲ್ಲೇ ಉಳಿಯಿತು, ಅವರ ಪಾಠ ಮುಗಿಯಲಿಲ್ಲ.

“ಒಳಗೆ ಕೂದಲಿನಂಥ ತಂತಿ ಸುತ್ತಿರ್ತಾರಮ್ಮಾ. ಅದು ಅಲುಗಾಡಬಾರದು. ವಯಸ್ಸಾಗ್ತಾ ಆಗ್ತಾ ಅದರ ಹಿಡಿತ ಸಡಿಲ ಆಗುತ್ತೆ. ಆಗ ಯಾರೋ ನಡೆದ್ರೂ ನಡುಗುತ್ತೆ, ಲೋಟ ಇಟ್ರೂ ನಡುಗುತ್ತೆ. ಆ ನಡುಕಾನೂ ಹಾಡೇ ಅಂದ್ಕೊಂಡು ವಾಲ್ವ್ ಮುಂದಕ್ಕೆ ಕಳಿಸುತ್ತೆ. ಸ್ಪೀಕರಲ್ಲಿ ಟಿಂಙ್ ಅಂತ ಬರುತ್ತೆ. ಅಂಥ ವಾಲ್ವಿಗೆ ನಾವು ಮೈಕ್ ಆಗಿಬಿಟ್ಟಿದೆ ಅಂತೀವಿ. ಕಾರ್ಖಾನೆ ಪುಸ್ತಕದಲ್ಲಿ ಮೈಕ್ರೋಫೋನಿಕ್ ಅಂತ ಬರೀತಿದ್ರು.”

“ಅಂದ್ರೆ ಕೇಳಿಸಿಕೊಳ್ಳಬಾರದ್ದನ್ನ ಕೇಳಿಸಿಕೊಳ್ಳುತ್ತೆ.”

“ಹಾಗಲ್ಲ. ಎಲ್ಲ ವಾಲ್ವೂ ಕೇಳಿಸಿಕೊಳ್ಳುತ್ತೆ. ಒಳ್ಳೇದು ಕೇಳಿ ಬಿಟ್ಟುಬಿಡುತ್ತೆ. ಕೆಟ್ಟದ್ದು ಹಿಡ್ಕೊಂಡು ಕೂರುತ್ತೆ.”

ಹೀಗೆ ಹೇಳಿ ನನ್ನ ಮುಖವನ್ನೇ ನೋಡಿದರು. ನನಗೆ ಯಾರೋ ಎಂದೋ ಆಡಿದ ಮಾತುಗಳೆಲ್ಲ ಸಾಲಾಗಿ ನೆನಪಾಗಿ ಮೈ ಉರಿಯಿತು.

ಇನ್ನು ಜಗಳದ ವಿಷಯ. ಅವರು ವಾಲ್ವ್ ಪರೀಕ್ಷಿಸುವಾಗ ಪೆಟ್ಟಿಗೆಯ ದನಿಯನ್ನು ಪೂರ್ತಿ ಏರಿಸುತ್ತಿದ್ದರು. ಅದೇ ಹೊತ್ತಿಗೆ ನಾನು ಮಷಿನ್ ಓಡಿಸಿದರೆ ಅದರ ಅದುರು ಹಲಗೆಗೆ ಇಳಿದು, ಹಲಗೆಯಿಂದ ಮೇಜಿಗೆ ಹೋಗಿ, ಮೇಜಿನಿಂದ ವಾಲ್ವಿಗೆ ಏರಿ, ಸ್ಪೀಕರಿನಲ್ಲಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಆಗ ಆಚೆಯಿಂದ ಕೂಗು: “ಮಷಿನ್ ನಿಲ್ಸಮ್ಮಾ!” ದಿನಕ್ಕೆ ಎಷ್ಟು ಸಲವೋ. ಮದುವೆ ಬಟ್ಟೆ ತುರ್ತಾಗಿ ಬೇಕೆಂದು ಗಿರಾಕಿ ತಲೆಯ ಮೇಲೆ ಕೂತಿದ್ದರೂ “ಮಷಿನ್ ನಿಲ್ಸಮ್ಮಾ!” ನಾನು ಕೇಳಿಸಿಕೊಂಡು ಬಿಟ್ಟುಬಿಡುವವಳೇ? “ನಿಮ್ಮ ಮೇಜನ್ನ ಆ ಕಡೆ ಗೋಡೆಗೆ ಹಾಕ್ಕೊಳ್ಳಿ” ಎನ್ನುತ್ತಿದ್ದೆ. ಅವರು “ಅಲ್ಲಿ ಬೆಳಕಿಲ್ಲ” ಎನ್ನುತ್ತಿದ್ದರು. ಕೊನೆಗೆ ನಾನೇ ಸೋತು ಮಷಿನ್ನಿನ ಕಾಲಿನಡಿ ದಪ್ಪ ರಬ್ಬರ್ ಚಾಪೆ ಹಾಕಿಸಿದೆ. ಕೂಗು ಕಡಿಮೆಯಾಯಿತು, ನಿಲ್ಲಲಿಲ್ಲ.

ಆಮೇಲೆ ಒಂದು ದಿನ ನಿಂತಿತು.

ಯಾವತ್ತು ನಿಂತಿತೆಂದು ನನಗೆ ತಿಳಿಯಲೇ ಇಲ್ಲ. ಹಲ್ಲುನೋವು ಹೋದದ್ದು ಯಾವಾಗ ಎಂದು ಯಾರಿಗೆ ನೆನಪಿರುತ್ತದೆ? ಒಂದು ಮಧ್ಯಾಹ್ನ ಪರದೆ ಹೊಲಿಯುತ್ತ ಕೂತಾಗ, ಅರೆ, ಈ ಮನುಷ್ಯ ಕೂಗಿ ತಿಂಗಳುಗಳೇ ಆದುವಲ್ಲ ಎನಿಸಿತು. ವಯಸ್ಸಾಗಿ ಮೆತ್ತಗಾದರು ಅಂದುಕೊಂಡೆ. ಚಾಪೆ ಕೆಲಸ ಮಾಡಿತು ಅಂದುಕೊಂಡೆ. ಬೀದಿಯಲ್ಲಿ ನಾಲ್ಕು ಜನಕ್ಕೆ ಹೇಳಿ ಜಂಬವನ್ನೂ ಕೊಚ್ಚಿಕೊಂಡೆ.

ಅದೇ ದಿನಗಳಲ್ಲಿ ಅವರ ಮನೆಯಲ್ಲಿ ಜಗಳ ಹೆಚ್ಚಿತೆಂದು ಬೀದಿ ಮಾತಾಡತೊಡಗಿತು. ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಮೊದಲು ಅತ್ತಿಗೆಯ ದನಿ ಅಡುಗೆಮನೆ ದಾಟಿದ್ದನ್ನು ಯಾರೂ ಕೇಳಿರಲಿಲ್ಲ. ಈಗ “ಊಟಕ್ಕೆ ಬನ್ನಿ” ಎಂದರೂ ಓಣಿಯ ಆ ತುದಿಯವರು ಕೈ ತೊಳೆದುಕೊಳ್ಳಬೇಕು, ಹಾಗೆ ಕೂಗುತ್ತಿದ್ದರು. “ಮುದಿ ವಯಸ್ಸಲ್ಲಿ ಬಾಯಿ ಬಂದಿದೆ ಪಾಪ” ಎಂದು ಹೆಂಗಸರು ಮೂಗುಮುರಿದರು. ಆ ಪಾಪ ಪೆನ್ಸಿಲಣ್ಣನಿಗೆ ಸೇರಿದ್ದು.

ಹಾಡು ಕಲಿಸುವ ಟೀಚರಮ್ಮ ಬಂದಾಗಲೇ ಎಲ್ಲ ಹೊರಬಿದ್ದದ್ದು.

ಟೀಚರಮ್ಮನ ಹತ್ತಿರ ಅವರಪ್ಪನ ಕಾಲದ ಆಂಪ್ಲಿಫೈಯರ್ ಇತ್ತು. ಅದಕ್ಕೆ ರೆಕಾರ್ಡ್ ಪ್ಲೇಯರ್ ಜೋಡಿಸಿ ಮಕ್ಕಳಿಗೆ ಹಾಡು ಕೇಳಿಸುತ್ತಿದ್ದರು. ಮಕ್ಕಳು ಕಾಲಲ್ಲಿ ತಾಳ ಹಾಕಿದರೆ ಸ್ಪೀಕರಿನಲ್ಲಿ ಟಿಂಙ್. ದನಿ ಏರಿಸಿದರೆ ಊಳಿಡುವ ಸದ್ದು. ಪೆನ್ಸಿಲಣ್ಣ ಮುಂದಿನ ವಾಲ್ವ್, ಅಂದರೆ ಹಾಡು ಮೊದಲು ಒಳಗೆ ಹೋಗುವ ವಾಲ್ವ್, ಬದಲಾಯಿಸಿ ಕಳಿಸಿದ್ದರು. ಮತ್ತೆ ಬಂತು. ಬೇರೆ ವಾಲ್ವ್ ಹಾಕಿ, “ನಿಮ್ಮ ಮನೆ ನೆಲ ಸರಿ ಇಲ್ಲ, ಅದುರುತ್ತೆ, ಪೆಟ್ಟಿಗೆ ಕೆಳಗೆ ದಪ್ಪ ಬಟ್ಟೆ ಹಾಸಿ” ಎಂದು ಕಳಿಸಿದರು. ಈಗ ಮೂರನೆಯ ಸಲ, ಟೀಚರಮ್ಮ ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಮೇಜಿನ ಮೇಲಿಟ್ಟರು. ತೋಳು ಸಣ್ಣದು ಮಾಡಿದ ಅಂಗಿಯೊಂದನ್ನು ಪೆನ್ಸಿಲಣ್ಣನಿಗೆ ಕೊಡಲು ಹೋಗಿದ್ದ ನಾನೂ ಅಲ್ಲೇ ನಿಂತೆ. ಜಗಳ ಆಗುವ ಹಾಗಿದ್ದರೆ ನಾನು ಸಾಮಾನ್ಯವಾಗಿ ನಿಲ್ಲುತ್ತೇನೆ.

“ನಮ್ಮ ಮನೆದು ಕಲ್ಲಿನ ನೆಲ ಅಣ್ಣಾ,” ಅಂದರು ಟೀಚರಮ್ಮ, ಪಾಠ ಹೇಳುವ ಜೋರು ದನಿಯಲ್ಲೇ. “ಕಲ್ಲು ಅದುರುತ್ತಾ?”

“ಹಾಗಾದ್ರೆ ಮೇಜು ಸರಿ ಇಲ್ಲ.”

“ಮೇಜೂ ಕಲ್ಲೇ.”

ಪೆನ್ಸಿಲಣ್ಣನ ಮುಖ ಗಂಟಿಕ್ಕಿತು. ಪೆಟ್ಟಿಗೆಯ ಹೊದಿಕೆ ತೆಗೆದು, ಸ್ಪೀಕರಿಗೆ ಜೋಡಿಸಿ, ವಾಲ್ವುಗಳು ಬಿಸಿಯಾಗುವವರೆಗೆ ಕಾದರು. ದನಿಯನ್ನು ಪೂರ್ತಿ ಏರಿಸಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮುಂದಿನ ವಾಲ್ವನ್ನು ಮೆಲ್ಲಗೆ ತಟ್ಟಿದರು.

ಟಿಂ...ಙ್.

ತೆಳ್ಳಗಿನ ಸದ್ದು. ಗಾಜಿನ ಲೋಟವನ್ನು ಉಗುರಿನಿಂದ ಮೀಟಿದ ಹಾಗೆ ಎದ್ದು, ಕೋಣೆಯಲ್ಲೆಲ್ಲ ಸುಳಿದು, ಬೇಗ ಹೋಗಲೊಲ್ಲದೆ ಹೋಯಿತು. ಟೀಚರಮ್ಮ ಈಗ ಏನಂತೀರಿ ಎನ್ನುವಂತೆ ತಲೆಯೆತ್ತಿದರು.

“ನೋಡಿ,” ಅಂದರು ಪೆನ್ಸಿಲಣ್ಣ, ತುಂಬ ನೆಮ್ಮದಿಯಿಂದ. “ಎಷ್ಟು ಸುಮ್ಮನಿದೆ.”

ಟೀಚರಮ್ಮ ಬಾಯಿ ತೆರೆದರು. ನಾನು ಅವರ ಮುಂಗೈ ಒತ್ತಿದೆ. ಅವರು ನನ್ನನ್ನು ನೋಡಿದರು, ಆ ಮನುಷ್ಯನನ್ನು ನೋಡಿದರು, ಬಾಯಿ ಮುಚ್ಚಿದರು. ಸದ್ದಿನಲ್ಲೇ ಬದುಕುವ ಹೆಂಗಸು, ಬೇಗ ಅರ್ಥವಾಯಿತು. “ಇಲ್ಲೇ ಇರಲಿ, ಇನ್ನೊಂದ್ಸಲ ನಿಧಾನವಾಗಿ ನೋಡಿ. ವಾರ ಬಿಟ್ಟು ಬರ್ತೀನಿ” ಎಂದು ಹೊರಗೆ ನಡೆದರು. ನಾನೂ ಹಿಂದೆಯೇ ಹೋದೆ.

ಬೀದಿಯಲ್ಲಿ ಅವರು ಗಾಡಿಯ ಹಿಡಿ ಹಿಡಿದು ನನ್ನತ್ತ ತಿರುಗಿದರು.

“ದಪ್ಪ ಸದ್ದು ಕೇಳಿಸ್ತಿರಬೇಕು. ಸಣ್ಣ ಸದ್ದು ಹೋಗಿದೆ. ಎಷ್ಟು ದಿನದಿಂದ ಹೀಗೆ?”

ನನಗೆ ಅದೇ ಹೊತ್ತಿಗೆ ಹೊಳೆಯಿತು. ಚಾಪೆಯೂ ಅಲ್ಲ, ಮೆತ್ತಗಾದದ್ದೂ ಅಲ್ಲ.

“ನಾನಂತೂ ಯಾರ ಹತ್ರಾನೂ ಹೇಳಲ್ಲ,” ಅಂದರು ಟೀಚರಮ್ಮ. “ಆದ್ರೆ ಅವರ ಹತ್ರ ವಾಲ್ವ್ ತಗೊಂಡೋರು ನಾನೊಬ್ಬಳೇ ಅಲ್ವಲ್ಲ. ಬೇರೆಯವರು ಬಾಯಿ ಬಿಡೋ ಮುಂಚೆ ಅವರಿಗೆ ಗೊತ್ತಾದ್ರೆ ಒಳ್ಳೇದು. ಇಲ್ಲಾಂದ್ರೆ ಅವರ ಹೆಸರು ಉಳಿಯಲ್ಲ.”

ಅವರು ಹೇಳಿದ್ದು ನಿಜ. ಆ ಮನುಷ್ಯನಿಗೆ ಇದ್ದದ್ದು ಆ ಹೆಸರೊಂದೇ. ಪೆನ್ಸಿಲಣ್ಣ ಆದೀತು ಅಂದ ಮೇಲೆ ಆಯಿತು ಎನ್ನುವ ಹೆಸರು.

ನಾನು ನೆಟ್ಟಗೆ ಓಣಿಗೆ ಹೋದೆ. ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ನನ್ನೊಡನೆ ಮಾತಾಡಿದ್ದು ಹಳೆಯ ಅಡುಗೆಮನೆಯ ದನಿಯಲ್ಲಿ. ಅದು ಕೇಳಿಯೇ ನನಗೆ ಅರ್ಧ ತಿಳಿದುಹೋಯಿತು.

“ಅತ್ತಿಗೆ, ಅಣ್ಣನ ಕಿವಿ...”

“ಗೊತ್ತು,” ಅಂದರು ಅತ್ತಿಗೆ, ಮಡಚುವುದನ್ನು ನಿಲ್ಲಿಸದೆ.

“ಗೊತ್ತಿದ್ದೂ ನೀವು ಸುಮ್ಮನಿದ್ರಾ? ನೀವು ದಿನಾ ಅವರ ಮೇಲೆ ಕೂಗಾಡ್ತೀರಿ ಅಂತ ಬೀದಿಯೆಲ್ಲ ಆಡ್ಕೊಳ್ತಿದೆ.”

“ಆಡ್ಕೊಳ್ಳಲಿ ಬಿಡು. ಗಂಡ ಕಿವುಡ ಅಂತ ಆಡ್ಕೊಳ್ಳೋದಕ್ಕಿಂತ ಹೆಂಡ್ತಿ ಬಜಾರಿ ಅಂತ ಆಡ್ಕೊಳ್ಳೋದು ವಾಸಿ. ಕಿವುಡನ ಹತ್ರ ಯಾರು ಪೆಟ್ಟಿಗೆ ತರ್ತಾರೆ?” ಸೀರೆಯೊಂದನ್ನು ಜಾಡಿಸಿದರು. “ಅವರಿಗೆ ನಾನು ಮೊದಲಿನ ಹಾಗೆ ಮೆತ್ತಗೆ ಮಾತಾಡಿದ ಹಾಗೇ ಕೇಳಿಸುತ್ತೆ ಕಣೇ. ಅಷ್ಟು ಸಾಕು ನನಗೆ.”

“ಅವರಿಗೇ ಗೊತ್ತಿಲ್ವಾ?”

“ನಾನು ಕೇಳಿಲ್ಲ. ಅವರು ಹೇಳಿಲ್ಲ.”

ನನಗೆ ಬೈಯಬೇಕೆನಿಸಿತು. ಯಾರನ್ನು ಬೈಯುವುದೆಂದು ತಿಳಿಯಲಿಲ್ಲ. ಇಷ್ಟು ವರ್ಷ ಒಂದು ಮಾತು ಜೋರಾಗಿ ಆಡದ ಹೆಂಗಸು, ಬೀದಿಗೆಲ್ಲ ಬಜಾರಿ ಎನಿಸಿಕೊಂಡು ಅದನ್ನು ಹೊಟ್ಟೆಗೆ ಹಾಕಿಕೊಂಡು ಬಟ್ಟೆ ಮಡಚುತ್ತಿದ್ದರು.

ಹೇಳುವ ಕೆಲಸ ಹಾಗಾದರೆ ನನ್ನ ಪಾಲಿಗೇ ಬಂತು. ಹೇಗೆ ಹೇಳುವುದು? ಅಣ್ಣಾ, ನಿಮಗೆ ಕಿವಿ ಕೇಳಿಸುವುದಿಲ್ಲ ಎಂದರೆ “ನಿನಗೆ ತಲೆ ಕೆಟ್ಟಿದೆ” ಎನ್ನುವ ಆಸಾಮಿ ಅವರು. ಒಂದು ರಾತ್ರಿ ಕಳೆದು, ಬೆಳಿಗ್ಗೆ ಅಂಗಡಿ ತೆರೆದವಳೇ ಮಷಿನ್ನಿನ ಕಾಲಿನಡಿಯ ಚಾಪೆಯನ್ನು ಎಳೆದು ಮೂಲೆಗೆಸೆದೆ. ಮಷಿನ್ನಿಗೆ ಮೋಟಾರ್ ಕೂರಿಸಿಯಾಗಿತ್ತು. ಕಾಲಲ್ಲಿ ಪೆಡಲ್ ಒತ್ತಿದರೆ ಓಡುತ್ತದೆ. ಪೆಡಲಿನ ಮೇಲೆ ನನ್ನ ದೊಡ್ಡ ಇಸ್ತ್ರಿಪೆಟ್ಟಿಗೆಯನ್ನು ಹೇರಿದೆ. ಮಷಿನ್ ಒಬ್ಬಂಟಿಯಾಗಿ ಹುಚ್ಚು ಹಿಡಿದಂತೆ ಓಡತೊಡಗಿತು. ನಾನು ಪಕ್ಕದಂಗಡಿಗೆ ಹೋದೆ.

ಟೀಚರಮ್ಮನ ಪೆಟ್ಟಿಗೆ ಮೇಜಿನ ಮೇಲಿತ್ತು, ದನಿ ಏರಿಸಿತ್ತು. ಸ್ಪೀಕರ್ ಗುಂಯ್ ಎಂದು ಒಂದೇ ಸಮನೆ ಕೊರೆಯುತ್ತಿತ್ತು. ನನ್ನ ಹಲ್ಲು ಜುಮ್ಮೆಂದವು. ಅದರ ಮುಂದೆಯೇ ಪೆನ್ಸಿಲಣ್ಣ ಬಗ್ಗಿ, ಇನ್ನೊಂದು ಪೆಟ್ಟಿಗೆಗೆ ಶಾಂತವಾಗಿ ಬೆಸುಗೆ ಹಾಕುತ್ತಿದ್ದರು.

ನಾನು ಎದುರಿಗೆ ಹೋಗಿ ನಿಂತೆ. “ಅಣ್ಣಾ, ನನ್ನ ಮಷಿನ್ ಓಡ್ತಾ ಇದೆ.”

“ನೀನು ಇಲ್ಲಿದ್ದೀಯಲ್ಲಮ್ಮಾ. ಅದು ಹೇಗೆ ಓಡುತ್ತೆ?”

“ಬಂದು ನೋಡಿ.”

ಬಂದರು. ದಾರವಿಲ್ಲದ ಸೂಜಿ ಏರಿ ಇಳಿಯುತ್ತಿರುವುದನ್ನು ನೋಡಿದರು. ಪೆಡಲಿನ ಮೇಲಿನ ಇಸ್ತ್ರಿಪೆಟ್ಟಿಗೆ ನೋಡಿದರು, ಮೂಲೆಯ ಚಾಪೆ ನೋಡಿದರು. ಅಂಗೈಯನ್ನು ಹಲಗೆಯ ಮೇಲಿಟ್ಟರು. ಹಲಗೆ ಅದುರುತ್ತಿದ್ದದ್ದು ಕೈಗೆ ತಿಳಿಯಿತು. ಮೇಲೇನೂ ಕೇಳದೆ ತಮ್ಮ ಅಂಗಡಿಗೆ ವಾಪಸು ಹೋದರು. ನಾನು ಮಷಿನ್ ನಿಲ್ಲಿಸಿ ಹಿಂದೆ ಹೋದೆ.

ಅವರು ಪೆನ್ಸಿಲ್ ತೆಗೆದು ಮುಂದಿನ ವಾಲ್ವನ್ನು ತಟ್ಟಿದರು. ತಟ್ಟಿ, ಎಂದಿನಂತೆ ಸ್ಪೀಕರಿನತ್ತ ಬಾಗಲಿಲ್ಲ. ನನ್ನ ಮುಖ ನೋಡಿದರು.

“ಹಾಡ್ತಾ?”

“ಹಾಡ್ತು ಅಣ್ಣಾ.”

“ಎಷ್ಟು ಹೊತ್ತು?”

ನನಗೆ ಅಳತೆ ಗೊತ್ತಿರುವುದು ಒಂದೇ. “ನಿಧಾನವಾಗಿ ಮೂರು ಹೊಲಿಗೆ ಹಾಕೋಷ್ಟು.”

ಅವರು ಕೆಳಗಿನ ಕಪಾಟಿನಿಂದ ಒಂದು ತಗಡಿನ ಡಬ್ಬ ತೆಗೆದರು. ಒಳ್ಳೆಯ ವಾಲ್ವುಗಳ ಡಬ್ಬ. ಈಗ ಎಲ್ಲೂ ತಯಾರಾಗದವು, ಹಳೆಯ ಪೆಟ್ಟಿಗೆಗಳಿಂದ ಬಿಚ್ಚಿ, ಒಂದೊಂದನ್ನೂ ತಾವೇ ತಟ್ಟಿ ಕೇಳಿ, ಹತ್ತಿಯಲ್ಲಿ ಸುತ್ತಿಟ್ಟವು. ಒಂದೊಂದನ್ನಾಗಿ ಪೆಟ್ಟಿಗೆಗೆ ಹಾಕಿ, ಕಾಯಿಸಿ, ತಟ್ಟಿ, ನನ್ನ ಮುಖ ನೋಡುತ್ತ ಹೋದರು. ಕೆಲವು ಸುಮ್ಮನಿದ್ದವು. ಹಲವು ಹಾಡಿದವು. ನಾನು ಸುಳ್ಳು ಹೇಳಬಹುದಿತ್ತು. ಆದರೆ ಅವರು ನನ್ನ ಮುಖವನ್ನು ಸ್ಪೀಕರಿನಂತೆ ನೋಡುತ್ತಿದ್ದರು, ಹೇಳಲಾಗಲಿಲ್ಲ.

ಅರ್ಧಕ್ಕೆ ನಿಲ್ಲಿಸಿ ಡಬ್ಬ ಮುಚ್ಚಿದರು. “ಎಷ್ಟು ಜನರ ಮನೆಗೆ ಹಾಡೋ ವಾಲ್ವ್ ಕೊಟ್ಟು ಕಳಿಸಿದೆನೋ. ಮೇಲಿಂದ ನೆಲ ಸರಿ ಇಲ್ಲ ಅಂತ ಬೈದೆ.” ಪೆಟ್ಟಿಗೆಯ ಸ್ವಿಚ್ ಆರಿಸಿ, “ಬಾಗಿಲು ಹಾಕ್ತೀನಿ ಹೋಗಮ್ಮಾ” ಅಂದರು.

ಅಂಗಡಿ ಮುಚ್ಚಿತು. ಮರುದಿನವೂ ತೆರೆಯಲಿಲ್ಲ, ಅದರ ಮರುದಿನವೂ ಇಲ್ಲ. ನನಗೆ ಬೇಕಾದಷ್ಟು ಮಷಿನ್ ಓಡಿಸುವ ಸ್ವಾತಂತ್ರ್ಯ ಸಿಕ್ಕಿತು. ಎಷ್ಟೋ ವರ್ಷದಿಂದ ಬಯಸಿದ್ದದ್ದು ಅದನ್ನೇ. ಹೊಲಿಗೆ ಮಾತ್ರ ಒಂದೂ ನೆಟ್ಟಗೆ ಬರಲಿಲ್ಲ. ಕಾಲರ್ ತಿರುವುಮುರುವಾಗಿ ಹೊಲಿದು ಬಿಚ್ಚಿದೆ. ಆಚೆ ಯಾರೂ ಇಲ್ಲದ ಹಲಗೆಯನ್ನು ನೋಡುತ್ತ, ಹೇಳಿದ್ದು ಸರಿಯೇ ಎಂದು ನೂರು ಸಲ ಕೇಳಿಕೊಂಡೆ. ಸರಿಯೇ ಎಂದು ನೂರು ಸಲವೂ ಉತ್ತರ ಬಂತು. ಸಂಕಟ ಹೋಗಲಿಲ್ಲ.

ಟೀಚರಮ್ಮ ಬರಬೇಕಾದ ದಿನ ಹತ್ತಿರವಾಯಿತು. ತಡೆಯಲಾರದೆ ಮನೆಗೇ ಹೋದೆ. ಪೆನ್ಸಿಲಣ್ಣ ಕಿಟಕಿಯ ಹತ್ತಿರ ಕೂತಿದ್ದರು. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ಅದಿಲ್ಲದೆ ಅವರ ಮುಖ ಯಾರದೋ ಮುಖದ ಹಾಗಿತ್ತು.

“ಆ ಪೆಟ್ಟಿಗೆ ಬೇರೆ ಯಾರಿಗಾದ್ರೂ ಕೊಡ್ಸಮ್ಮಾ,” ಅಂದರು. “ನಾನಿನ್ನು ಕೆಟ್ಟುಹೋದ ಮಾಲು.”

ನಾನು ಏನಾದರೂ ಹೇಳುವ ಮುಂಚೆ ಒಳಗಿನಿಂದ ಅತ್ತಿಗೆ ಬಂದರು. ಕೈಯಲ್ಲಿ ಸೌಟು. ಗಂಡನ ಎದುರಿಗೆ ನಿಂತು, ಓಣಿಯೆಲ್ಲ ಎದ್ದು ನಿಲ್ಲುವ ಹಾಗೆ ಕೂಗಿದರು.

“ಜೀವಮಾನವಿಡೀ ಊಟಕ್ಕೆ ಕೂತಾಗೆಲ್ಲ ನನ್ನ ತಲೆ ತಿಂದಿದ್ದೀರಲ್ರೀ! ಮುಂದಿನ ಜಾಗದ ವಾಲ್ವ್ ಹಾಡಿದ್ರೆ ಏನ್ ಮಾಡ್ಬೇಕು? ಹೇಳಿ ಈಗ!”

ಪೆನ್ಸಿಲಣ್ಣ ಬೆಪ್ಪಾಗಿ ಅವರನ್ನೇ ನೋಡಿದರು. “ಎಸೀಬಾರ್ದು.”

“ಎಸೀದೆ?”

“ಹಿಂದಿನ ಜಾಗಕ್ಕೆ ಹಾಕ್ಬೇಕು.”

“ಯಾಕೆ?”

“ಮುಂದಿನ ಜಾಗದಲ್ಲಿ ಹಾಡಿನ ದನಿ ಇನ್ನೂ ಸಣ್ಣದಿರುತ್ತೆ. ಅಲ್ಲಿ ಚೂರು ನಡುಗಿದ್ರೂ ಅದರ ಹಿಂದಿರೋ ವಾಲ್ವುಗಳೆಲ್ಲ ಸೇರಿ ದೊಡ್ಡದು ಮಾಡ್ತವೆ. ಹಿಂದಿನ ಜಾಗಕ್ಕೆ ಬರೋ ಹೊತ್ತಿಗೆ ಹಾಡೇ ದೊಡ್ಡದಾಗಿರುತ್ತೆ. ಅಲ್ಲಿ ಅದೇ ವಾಲ್ವ್ ಎಷ್ಟೋ ವರ್ಷ ಚೆನ್ನಾಗಿ ದುಡಿಯುತ್ತೆ. ಕೆಟ್ಟಿರಲ್ಲ ಅದು, ಜಾಗ...” ಅಲ್ಲಿಗೆ ಮಾತು ನಿಂತಿತು.

“ಜಾಗ ತಪ್ಪಿರುತ್ತೆ!” ಎಂದು ಅತ್ತಿಗೆ ಸೌಟು ಎತ್ತಿ ಮುಗಿಸಿದರು. “ನಿಮ್ಮದೂ ಅಷ್ಟೇ! ಕೆಟ್ಟಿಲ್ಲ, ಜಾಗ ತಪ್ಪಿದೆ! ಏಳ್ರೀ ಮೇಲೆ!”

ಎದುರುಮನೆಯ ಕಿಟಕಿಯಲ್ಲಿ ಎರಡು ತಲೆ ಕಾಣಿಸಿಕೊಂಡವು. ಪಾಪ, ಇವತ್ತು ಸೌಟೇ ಎತ್ತಿಬಿಟ್ಟಳು ಎಂದು ಅವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಪೆನ್ಸಿಲಣ್ಣ ಹೆಂಡತಿಯ ಮುಖವನ್ನು ನೋಡುತ್ತಲೇ ಇದ್ದರು. ಆ ಕತ್ತಿನ ನರ ಉಬ್ಬಿದ್ದು, ಮುಖ ಕೆಂಪಾದದ್ದು, ಬಹುಶಃ ಮೊದಲ ಸಲ ಅವರ ಕಣ್ಣಿಗೆ ಬಿತ್ತು.

“ನೀನು ಕೂಗ್ತಾ ಇದ್ದೀಯಾ?” ಎಂದು ಮೆಲ್ಲಗೆ ಕೇಳಿದರು. “ದಿನಾ ಹೀಗೇ ಕೂಗ್ತೀಯಾ?”

ಅತ್ತಿಗೆ ಸೌಟು ಕೆಳಗಿಳಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಪೆನ್ಸಿಲಣ್ಣ ಎದ್ದು ಚಪ್ಪಲಿ ಹುಡುಕಿದರು.

ಅವತ್ತೇ ಅವರು ಹಲಗೆಯಲ್ಲಿ ಒಂದು ಕಿಂಡಿ ಕೊರೆದರು. ತಟ್ಟೆಯಷ್ಟು ಅಗಲ, ನಾನು ಕೂತಲ್ಲಿಂದ ಅವರ ಮುಖ ಕಾಣುವಷ್ಟು. ಮಾಲೀಕರನ್ನು ಕೇಳಬೇಕಿತ್ತೇನೋ, ಕೇಳಲಿಲ್ಲ. ತಟ್ಟುವುದು ಅವರು, ಕೇಳಿಸಿಕೊಳ್ಳುವುದು ನಾನು. ಬಿಚ್ಚುವುದು, ಬೆಸೆಯುವುದು, ಯಾವ ವಾಲ್ವ್ ಯಾವ ಜಾಗಕ್ಕೆ ಎಂದು ತೀರ್ಮಾನಿಸುವುದು ಅವರೇ.

ಅದೇನು ಸುಲಭವಿರಲಿಲ್ಲ. ಮೊದಮೊದಲು ನನಗೆ ಎಲ್ಲ ವಾಲ್ವೂ ಹಾಡುವಂತೆಯೇ ಕೇಳಿಸಿತು. ಒಂದೊಂದಕ್ಕೂ “ಹಾಡ್ತು, ಹಾಡ್ತು” ಎಂದು ತಲೆಯಾಡಿಸಿದೆ. “ಹಾಡೋದು ತಪ್ಪಲ್ಲ ಅಂತ ಎಷ್ಟು ಸಲ ಹೇಳ್ಲಿ?” ಎಂದು ಅವರು ರೇಗಿದರು. “ಎಷ್ಟು ಬೇಗ ಬಿಡುತ್ತೆ, ಅದು ಕೇಳು.” ಮುಂದಿನ ಜಾಗಕ್ಕೆ ಒಂದು ಹೊಲಿಗೆಗಿಂತ ಹೆಚ್ಚು ಹಾಡುವುದು ಬೇಡ. ಎರಡು ಮೂರು ಹೊಲಿಗೆಯದು ಹಿಂದಿನ ಜಾಗಕ್ಕೆ. ಅದಕ್ಕೂ ಮೇಲೆ ಹಾಡುವುದನ್ನು ಸುಮ್ಮನೆ ಎತ್ತಿಡುವುದು. ಮಷಿನ್ ನಿಲ್ಲಿಸಿ, ಉಸಿರು ಬಿಗಿಹಿಡಿದು, ಅಷ್ಟು ಸಣ್ಣ ಸದ್ದಿನ ಹಿಂದೆ ಹೋಗುವಾಗ ನನಗೆ ಬೇರೆ ಏನೂ ನೆನಪಿಗೆ ಬರುತ್ತಿರಲಿಲ್ಲ, ಯಾರು ಎಂದೋ ಆಡಿದ ಮಾತು ಕೂಡ. ಬೀದಿಯಲ್ಲಿ ಟೈಲರಮ್ಮ ಸ್ವಲ್ಪ ತಣ್ಣಗಾಗಿದ್ದಾಳೆ ಎನ್ನುವ ಸುದ್ದಿ ಹುಟ್ಟಿತು. ನಾನು ಅದನ್ನು ಒಪ್ಪಿಲ್ಲ.

ಟೀಚರಮ್ಮ ಬಂದರು. ಅವರ ಪೆಟ್ಟಿಗೆಯ ಮುಂದಿನ ವಾಲ್ವ್ ಹಿಂದಕ್ಕೆ ಹೋಗಿತ್ತು, ಡಬ್ಬದ ಸುಮ್ಮನಿರುವ ವಾಲ್ವೊಂದು ಮುಂದಕ್ಕೆ ಬಂದಿತ್ತು. ಪೆನ್ಸಿಲಣ್ಣ ದನಿ ಏರಿಸಿದರು. ಟೀಚರಮ್ಮ ಅವರನ್ನೂ ನನ್ನನ್ನೂ ನೋಡಿ, ಚಪ್ಪಲಿ ಬಿಟ್ಟು, ಹಲಗೆಯ ಪಕ್ಕದಲ್ಲೇ ಕಾಲೆತ್ತಿ ದೊಪ್ಪನೆ ನೆಲಕ್ಕೆ ಬಡಿದರು. ಸ್ಪೀಕರ್ ಮಿಸುಕಲಿಲ್ಲ. ಇನ್ನೊಮ್ಮೆ ಬಡಿದರು. ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗಿತು ಅಷ್ಟೆ.

“ಈಗ ಸರಿಯಾಯ್ತು ಅಣ್ಣಾ,” ಎಂದು ಟೀಚರಮ್ಮ ಅವರಿಗೆ ಕಾಣುವಂತೆ ತಲೆಯಾಡಿಸಿದರು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಮುಗಿಸಲು ಅವರೂ ನಾನೂ ತಯಾರಾಗಿದ್ದೆವು.

“ನಿಮ್ಮ ನೆಲ ಚೆನ್ನಾಗಿದೆ ತಾಯಿ,” ಅಂದರು ಪೆನ್ಸಿಲಣ್ಣ. “ಮೊದಲೂ ಚೆನ್ನಾಗೇ ಇತ್ತು. ನನ್ನ ಕಿವಿ ಹೋಗಿದೆ. ಕೇಳಿಸಿಕೊಂಡಿದ್ದು ಇವಳು.”

ಬಾಗಿಲಲ್ಲಿ ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವರಿಗೂ ಕೇಳಿಸುವ ಹಾಗೆಯೇ ಹೇಳಿದರು. ನನಗೆ ಕಣ್ಣು ತುಂಬಿ ಬಂತು, ಎದ್ದು ಹೋಗಿ ಸುಮ್ಮನೆ ಯಾವುದೋ ಬಟ್ಟೆಗೆ ಇಸ್ತ್ರಿ ಹಾಕಿದೆ.

ಆ ಇಬ್ಬರಲ್ಲಿ ಒಬ್ಬ ಪೆಟ್ಟಿಗೆ ಇಳಿಸದೆ ಹಾಗೇ ಎತ್ತಿಕೊಂಡು ಹೊರಟ. ಇನ್ನೊಬ್ಬ ಕೂತ. ಆಮೇಲೂ ಹೀಗೆಯೇ ನಡೆಯಿತು, ಕೆಲವರು ಹೋದರು, ಕೆಲವರು ಉಳಿದರು. ವಾಲ್ವ್ ತೆಗೆದುಕೊಂಡು ಹೋಗಿದ್ದವರ ಮನೆಗಳಿಗೆ ಪೆನ್ಸಿಲಣ್ಣ ತಾವೇ ಹೋಗಿ, ನಿಮ್ಮ ನೆಲವನ್ನು ಬೈದಿದ್ದೆ, ಒಮ್ಮೆ ಪೆಟ್ಟಿಗೆ ತನ್ನಿ ಎಂದು ಕರೆದು ಬಂದರು. ಓಣಿಯಲ್ಲಿ ಅತ್ತಿಗೆಯನ್ನು ಬಜಾರಿ ಎನ್ನುವುದು ನಿಂತಿತು. ಅತ್ತಿಗೆ ಕೂಗುವುದು ನಿಲ್ಲಲಿಲ್ಲ, ನಿಲ್ಲುವ ಹಾಗೂ ಇರಲಿಲ್ಲ. ಆದರೆ ಈಗ ಅತ್ತಿಗೆ ಮಾತು ಶುರುಮಾಡುವ ಮೊದಲೇ ಪೆನ್ಸಿಲಣ್ಣ ಎದ್ದು ಹತ್ತಿರ ಹೋಗಿ, ತುಟಿಯ ಮೇಲೆ ಕಣ್ಣಿಟ್ಟು ನಿಲ್ಲುತ್ತಾರೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಸಣ್ಣ ಸದ್ದಿನ ಹಿಂದೆಯೇ ದಪ್ಪ ಸದ್ದೂ ಒಂದೊಂದಾಗಿ ಅವರನ್ನು ಬಿಟ್ಟುಹೋಯಿತು. ಈಗ ಎಷ್ಟು ಹೊಲಿಗೆ ಎನ್ನುವುದನ್ನು ನಾನು ಕಿಂಡಿಯಲ್ಲಿ ಬೆರಳೆತ್ತಿ ತೋರಿಸುತ್ತೇನೆ.

ಮೊನ್ನೆ ನಾನು ಕೋಟಿಗೆ ಗುಂಡಿ ಹಚ್ಚುತ್ತಿದ್ದೆ. ಕೈಕೆಲಸ. ಬೆಳಗಿನಿಂದ ಮಷಿನ್ ಮುಟ್ಟಿರಲೇ ಇಲ್ಲ, ಅದರ ಮೇಲೆ ಬಟ್ಟೆ ಹೊದಿಸಿತ್ತು. ಆಚೆಯಿಂದ ಹಳೆಯ ಕೂಗು ಬಂತು.

“ಮಷಿನ್ ನಿಲ್ಸಮ್ಮಾ!”

ಸಿಟ್ಟು ಅಭ್ಯಾಸದಂತೆ ಮೂಗಿನ ತುದಿಗೆ ಬಂತು. ಕಿಂಡಿಯತ್ತ ತಿರುಗಿದೆ. ಪೆನ್ಸಿಲಣ್ಣ ವಾಲ್ವಿನ ಮೇಲೆ ಪೆನ್ಸಿಲ್ ಹಿಡಿದು, ನನ್ನತ್ತ ನೋಡದೆ, ಕಿವಿಯನ್ನು ಸ್ಪೀಕರಿನ ಕಡೆಗೆ ವಾಲಿಸಿ ಕಾಯುತ್ತಿದ್ದರು. ಕೆಲಸದ ಗುಂಗಿನಲ್ಲಿ ಎಲ್ಲ ಮರೆತಿದ್ದರು.

ನಾನು ಸೂಜಿ ಕೆಳಗಿಟ್ಟೆ. ಕಿಂಡಿಗೆ ಬಾಯಿಟ್ಟು, ಅತ್ತಿಗೆಯ ಹಾಗೆ, ಬೀದಿಗೆಲ್ಲ ಕೇಳಿಸುವಂತೆ ಕೂಗಿದೆ.

“ನಿಲ್ಸಿದೆ ಅಣ್ಣಾ!”

ಕೇಳಿಸಿತೋ ಇಲ್ಲವೋ, ಅವರು ತಲೆಯಾಡಿಸಿದರು. ಪೆನ್ಸಿಲಿನಿಂದ ತಟ್ಟಿದರು. ನಾನು ಉಸಿರು ಹಿಡಿದು ಕೇಳಿಸಿಕೊಂಡೆ.